ಚಪ್ಪಾಳೆ ಯಾವಾಗ ತಟ್ಟಬೇಕು?

ಹೋದ ತಿಂಗಳು ಬೆಂಗಳೂರಲ್ಲಿ ಒಂದು ಸ್ಟ್ರಿಂಗ್ ಕ್ವಾರ್ಟೆಟ್ ಕಛೇರಿಗೆ ಹೋಗಿದ್ದೆ. ಟಿಕೆಟ್ ಇರಲಿಲ್ಲ, ಅದಕ್ಕೇ ಹೋಗಿದ್ದು. ಎರಡು ಪಿಟೀಲು, ಅದಕ್ಕಿಂತ ಚೂರು ದೊಡ್ಡದಾದ ವಿಯೋಲಾ, ಮೊಣಕಾಲ ನಡುವೆ ನಿಲ್ಲಿಸಿಕೊಂಡು ನುಡಿಸೋ ಚೆಲ್ಲೊ. ನಾಲ್ಕೇ ಜನ. ಮೊದಲ ಭಾಗ ಮುಗೀತು, ಮೈ ಜುಮ್ಮೆಂದಿತ್ತು, ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ. ಇಡೀ ಹಾಲಲ್ಲಿ ನನ್ನೊಬ್ಬನದೇ ಸದ್ದು. ಮುಂದಿನ ಸಾಲಿನ ರೇಷ್ಮೆ ಜುಬ್ಬಾದವರು ತಿರುಗಿ ನೋಡಿದರು. ಆ ನೋಟ ನಮಗೆ ಹೊಸದಲ್ಲ ಗೆಳೆಯರೇ. 'ಇವನ್ಯಾರು, ಇಲ್ಲಿಗೆ ಹೇಗೆ ಬಂದ' ಅನ್ನೋ ನೋಟ.

ಫೋಟೊ ಹಾಕಿದಾಗ ನಮ್ಮವನೇ ಒಬ್ಬ ತಮ್ಮ ಕೇಳಿದ, 'ತಮಟೆ ಬಿಟ್ಟು ಪಿಟೀಲು ಹಿಡಿದ್ಬಿಟ್ರಾ ಅಣ್ಣಾ?' ತಮಾಷೆಗೇ ಕೇಳಿದ್ದು, ಆದರೂ ಚುಚ್ಚಿತು. ಅವನಿಗೆ ಈ ಉತ್ತರ.

ಆ ರಾತ್ರಿ ಮನೆಗೆ ಬಂದು ಯೂಟ್ಯೂಬಲ್ಲಿ ಹುಡುಕ್ತಾ ಕೂತೆ. ಕ್ವಾರ್ಟೆಟ್ ಅನ್ನೋ ಪ್ರಕಾರಕ್ಕೆ ಗಟ್ಟಿ ರೂಪ ಕೊಟ್ಟವನು ಜೋಸೆಫ್ ಹೈಡನ್ ಅಂತಾರೆ. ಅಪ್ಪ ಗಾಡಿಚಕ್ರ ಮಾಡೋ ಕಸುಬಿನವನು, ಅಮ್ಮ ದೊರೆಯ ಮನೆಯಲ್ಲಿ ಅಡುಗೆಯವಳಾಗಿದ್ದವಳು. 1761ರಲ್ಲಿ ಎಸ್ಟರ್‌ಹಾಜಿ ಅನ್ನೋ ಶ್ರೀಮಂತ ಮನೆತನದ ಕೆಲಸಕ್ಕೆ ಸೇರಿದ. ಆ ಕರಾರು ಓದಿದರೆ ನಮ್ಮ ಊರ ಗೌಡರ ಮನೆಯೇ ನೆನಪಾಗುತ್ತೆ. ಸಮವಸ್ತ್ರ ಹಾಕಬೇಕು, ತಲೆಗೆ ಪೌಡರ್ ಬಳೀಬೇಕು, ದಿನಾ ಒಡೆಯನ ಕೋಣೆಯ ಹೊರಗೆ ನಿಂತು 'ಇವತ್ತು ಸಂಗೀತ ಬೇಕಾ' ಅಂತ ಕೇಳಿ ಕಾಯಬೇಕು. ಬರೆದದ್ದೆಲ್ಲ ಒಡೆಯನದು, ಬೇರೆಯವರಿಗೆ ಒಂದು ಪ್ರತಿ ಕೊಡೋ ಹಾಗಿಲ್ಲ. 1779ರಲ್ಲಿ ಹೊಸ ಕರಾರಾಯಿತು, ಈ ಕೊನೆಯ ಷರತ್ತು ಬಿದ್ದುಹೋಯಿತು. ಮೂರು ವರ್ಷದೊಳಗೆ ಆರು ಕ್ವಾರ್ಟೆಟ್ ಬರೆದು ತಾನೇ ಪತ್ರ ಬರೆದು ಗಿರಾಕಿ ಹುಡುಕಿದ. ಅದೇ ಓಪಸ್ 33.

ಅದರಲ್ಲಿ ಎರಡನೇದಕ್ಕೆ 'ಜೋಕ್' ಅಂತಲೇ ಹೆಸರು ಬಿದ್ದಿದೆ. ಕೊನೇ ಭಾಗ ಕೇಳಿ. ಮುಗೀತು ಅನ್ನಿಸುತ್ತೆ, ಮತ್ತೆ ಒಂದು ತುಣುಕು. ಈಗ ಮುಗೀತು ಅಂದ್ಕೋತೀರಿ, ಇನ್ನೊಂದು. ಆಮೇಲೆ ಉದ್ದ ಮೌನ. ಖಂಡಿತ ಮುಗೀತು ಅಂತ ಕೈ ಎತ್ತೋ ಹೊತ್ತಿಗೆ ಶುರುವಿನ ಅದೇ ತುಣುಕನ್ನ ಮೆಲ್ಲಗೆ ನುಡಿಸಿ ಎದ್ದುಹೋಗ್ತಾರೆ. ಸಮವಸ್ತ್ರದ ಆಳು, ಕೂತು ಕೇಳೋ ದೊರೆಗಳಿಗೆ ಚಪ್ಪಾಳೆ ಯಾವಾಗ ತಟ್ಟಬೇಕು ಅನ್ನೋದೇ ಗೊತ್ತಾಗದ ಹಾಗೆ ಮಾಡಿಟ್ಟ! ನಾನೊಬ್ಬನೇ ಕೂತು ನಕ್ಕೆ. ಅಂದಹಾಗೆ ಅವನ ಕಾಲದಲ್ಲಿ ಭಾಗ ಭಾಗಕ್ಕೂ ಚಪ್ಪಾಳೆ ಬೀಳ್ತಿತ್ತು. ಉಸಿರು ಬಿಗಿಹಿಡಿದು ಕೂರೋ ಮಡಿ ಆಮೇಲೆ ಬಂದದ್ದು.

ಇದರಿಂದ ಆ ಲೋಕ ಪವಿತ್ರವಾಗಲ್ಲ, ಸರಿ. ಎಸ್ಟರ್‌ಹಾಜಿಗಳ ಅರಮನೆ ನಿಂತದ್ದು ಹೊಲದಲ್ಲಿ ದುಡಿದ ಜೀತದ ರೈತರ ಬೆವರ ಮೇಲೆ. ಬಣ್ಣದ ಕಥೆಯೂ ಇದೆ. ಜೋಸೆಫ್ ಬೊಲೋನ್, ಶೆವಾಲಿಯೆ ದ ಸೇಂಟ್ ಜಾರ್ಜ್ ಅಂತ ಹೆಸರು. ಗ್ವಾಡೆಲೂಪ್ ದ್ವೀಪದಲ್ಲಿ ಹುಟ್ಟಿದವನು, ತಾಯಿ ನಾನೋನ್ ಗುಲಾಮಳು, ತಂದೆ ತೋಟದ ಒಡೆಯ. ಫ್ರಾನ್ಸಲ್ಲಿ ಕ್ವಾರ್ಟೆಟ್ ಬರೆದ ಮೊದಲಿಗರಲ್ಲಿ ಅವನೊಬ್ಬ. 1776ರಲ್ಲಿ ಪ್ಯಾರಿಸ್ ಒಪೆರಾದ ಹೊಣೆಗೆ ಅವನ ಹೆಸರು ಬಂದಾಗ ಅಲ್ಲಿನ ಕಲಾವಿದೆಯರು ರಾಣಿಗೆ ಅರ್ಜಿ ಕೊಟ್ಟರು, ಇಂಥವನ ಅಪ್ಪಣೆ ಕೇಳೋದು ನಮ್ಮ ಮರ್ಯಾದೆಗೆ ಕುಂದು ಅಂತ. ಕೆಲಸ ಸಿಗಲಿಲ್ಲ. ದಲಿತ ಹೆಂಗಸು ಮಾಡಿದ ಬಿಸಿಯೂಟ ಬೇಡ ಅನ್ನೋ ಅರ್ಜಿ ಕಂಡ ನಮಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಿಲ್ಲ. ಅವನ ಕ್ವಾರ್ಟೆಟ್‌ಗಳು ಚಿಕ್ಕವು, ಎರಡೆರಡೇ ಭಾಗ. ಹೊಸಬರಿಗೆ ಒಳ್ಳೇ ಶುರು.

ರೆಕಾರ್ಡಿಂಗ್ ಬಗ್ಗೆ ಒಂದು ಮಾತು. ಮೊದಲು ಮೊಬೈಲಲ್ಲಿ ಕೇಳಿದಾಗ ನಾಲ್ಕೂ ವಾದ್ಯ ಕಲಸಿ ಒಂದೇ ಮುದ್ದೆ ಆಗಿ ಕೇಳಿಸ್ತಿತ್ತು, ಬೋರ್ ಹೊಡೀತು. ಎದುರಿಗೆ ಕೂತಾಗಲೇ ಕಂಡದ್ದು. ಕೋಲು ಹಿಡಿದು ಆಡಿಸೋ ಕಂಡಕ್ಟರ್ ಇಲ್ಲ. ಒಬ್ಬರು ಉಸಿರು ಎಳೆದುಕೊಂಡರೆ ಉಳಿದ ಮೂವರ ಕೈ ಏಳುತ್ತೆ. ತಮಟೆ ತಂಡದಲ್ಲೂ ಹಿಂಗೇ ತಾನೆ, ಕಣ್ಣಲ್ಲೇ ಏಟು ಬದಲಾಯಿಸೋದು? ಆಮೇಲೆ ಇಯರ್‌ಫೋನ್ ಹಾಕಿ ಅದೇ ರೆಕಾರ್ಡಿಂಗ್ ಕೇಳಿದೆ. ನಡುವೆ ಯಾರ ಗಮನಕ್ಕೂ ಬೀಳದೆ ದುಡೀತಾ ಇರೋ ವಿಯೋಲಾ ಮೊದಲ ಸಲ ಕಿವಿಗೆ ಬಿತ್ತು. ಈಗ ಅದನ್ನೇ ಹಿಂಬಾಲಿಸಿ ಕೇಳ್ತೀನಿ.

ಇನ್ನೊಂದು ವಿಷಯ. ಹಳೇ ಪಿಟೀಲಿನ ತಂತಿ ಅಂದರೆ ಕುರಿಯ ಕರುಳನ್ನ ಹುರಿ ಮಾಡಿದ್ದು. ಕಮಾನಿನದು ಕುದುರೆ ಬಾಲದ ಕೂದಲು. ಮರದ ಹಲಗೆಗಳನ್ನ ಅಂಟಿಸೋದು ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಅಂಟಿನಿಂದ, ಒಳ್ಳೇ ಪಿಟೀಲಿಗೆ ಇವತ್ತಿಗೂ ಅದೇ. ರೇಷ್ಮೆ ಜುಬ್ಬಾದವರು ಗಲ್ಲಕ್ಕೆ ಒತ್ತಿಕೊಳ್ಳೋ ವಾದ್ಯ ಬಿಚ್ಚಿಹೋಗದೆ ನಿಂತಿರೋದು ತೊಗಲಿನ ದಯೆಯಿಂದ. ತಮಟೆ ಮಾತ್ರ ಗುಡಿಯ ಹೊರಗೆ ನಿಲ್ಲಬೇಕು!

ತಮ್ಮಾ, ತಮಟೆ ಬಿಟ್ಟಿಲ್ಲ. ಬಾಬಾಸಾಹೇಬರು ಇಳಿವಯಸ್ಸಲ್ಲಿ ಪಿಟೀಲು ಕಲಿಯೋಕೆ ಕೂತವರು, ಅವರನ್ನ ಯಾರಾದರೂ ಏನು ಬಿಟ್ರಿ ಅಂತ ಕೇಳಿದ್ರಾ?

ಈ ಭಾನುವಾರ ಸಂಜೆ ನನ್ನ ರೂಮಲ್ಲಿ ಸ್ಪೀಕರ್ ಹಾಕ್ತೀನಿ, ಬರೋರು ಬನ್ನಿ. ಶೋಸ್ತಕೋವಿಚ್‌ನ ಎಂಟನೇ ಕ್ವಾರ್ಟೆಟ್ ಕೇಳೋಣ. 1960ರಲ್ಲಿ, ಬಾಂಬಿಗೆ ಸುಟ್ಟಿದ್ದ ಡ್ರೆಸ್ಡೆನ್ ಕಡೆ ಹೋಗಿದ್ದಾಗ ಮೂರೇ ದಿನದಲ್ಲಿ ಬರೆದದ್ದು, ಫ್ಯಾಸಿಸಂ ಮತ್ತು ಯುದ್ಧಕ್ಕೆ ಬಲಿಯಾದವರಿಗೆ ಅರ್ಪಿಸಿದ್ದು. ನಾಲ್ಕನೇ ಭಾಗದಲ್ಲಿ ಮೂರು ಏಟು ಬರುತ್ತೆ, ನಡುರಾತ್ರಿ ಬಾಗಿಲು ಬಡಿದ ಹಾಗೆ. ಇಪ್ಪತ್ತು ನಿಮಿಷ, ಐದೂ ಭಾಗ ನಿಲ್ಲಿಸದೆ ಒಂದೇ ಉಸಿರಿಗೆ. ನಡುವೆ ಚಪ್ಪಾಳೆ ತಟ್ಟೋಕೆ ಜಾಗವೇ ಇಲ್ಲ, ಹಂಗಾಗಿ ತಪ್ಪೋ ಭಯವೂ ಇಲ್ಲ. ಆದ್ರೂ ತಟ್ಟಬೇಕು ಅನ್ನಿಸಿದ್ರೆ ತಟ್ಟಿ.

ಜೈ ಭೀಮ್.