ಎದೆ ಮೇಲಿನ ಪೆಟ್ಟಿಗೆ, ಕಾಲ ಕೆಳಗಿನ ಪೆಟ್ಟಿಗೆ

ಕೆಂಗೇರಿ ಆಚೆ ಒಂದು ಊರಹಬ್ಬ. ರಾತ್ರಿಯಿಡೀ 'ಕುರುಕ್ಷೇತ್ರ' ನಾಟಕ. ವಿಜಯನಗರದ ನಮ್ಮ ಪರಿಚಯದವರೊಬ್ಬರದು ದುರ್ಯೋಧನನ ಪಾರ್ಟು, ಅದಕ್ಕೇ ಹೋಗಿದ್ದೆ. ಅವರು ಮೇಲಿನ ಸ್ವರ ಹಿಡಿದು ಎಳೀತಾನೇ ಇದ್ದರೆ, ಹಾರ್ಮೋನಿಯಂ ಮೇಷ್ಟ್ರು ಕಾಲಲ್ಲಿ ತಿದಿ ಒತ್ತುತ್ತಾ, ಎರಡೂ ಕೈಯಲ್ಲಿ ನುಡಿಸುತ್ತಾ ಬೆನ್ನು ಹತ್ತಿದ್ದರು. ಕಣ್ಮುಚ್ಚಿದರೆ ಥೇಟ್ ಅಕಾರ್ಡಿಯನ್!

ನಗಬೇಡಿ. ಎರಡೂ ದಾಯಾದಿಗಳೇ. ಗಾಳಿ ನುಗ್ಗಿದಾಗ ತೆಳ್ಳನೆ ಲೋಹದ ನಾಲಿಗೆ ಅದುರಿ ಸ್ವರ ಹೊರಡುತ್ತೆ, ಅಷ್ಟೇ ವಿದ್ಯೆ. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಅಕಾರ್ಡಿಯನ್ನಿಗೆ ಪೇಟೆಂಟ್ ತಗೊಂಡ. 1842ರಲ್ಲಿ ಪ್ಯಾರಿಸ್ಸಿನ ಡೆಬೇನ್ ಹಾರ್ಮೋನಿಯಂಗೆ. ಒಂದು ಎದೆ ಮೇಲೆ ಕೂತಿತು, ಇನ್ನೊಂದು ನಮ್ಮ ಕಂಪನಿ ನಾಟಕಗಳ ರಂಗದ ಮುಂದೆ.

ಯುರೋಪಿನ ಈ ಪೆಟ್ಟಿಗೆ ಹೋದಲ್ಲೆಲ್ಲ ಅಲ್ಲಿಯವರದೇ ಆಗಿಬಿಟ್ಟಿದೆ ನೋಡಿ. ಕೊಲಂಬಿಯಾದ ವಯೆನಾತೊ ಹಾಡಿಗೆ ಅಕಾರ್ಡಿಯನ್ನೇ ಜೀವ. ವಯೆದುಪಾರ್ ಊರಲ್ಲಿ 1968ರಿಂದ ಅದಕ್ಕಂತಲೇ ಉತ್ಸವ ನಡೆಯುತ್ತೆ. ಬ್ರೆಜಿಲ್‌ನಲ್ಲಿ ಲೂಯಿಜ್ ಗೊನ್ಜಾಗ ಅದನ್ನು ಹೆಗಲಿಗೇರಿಸಿ ಬರಗಾಲದ ನಾಡಿನ ಹಾಡು ಹಾಡಿದ. ಅಷ್ಟು ದೂರ ಯಾಕೆ, 1969ರ 'ಆರಾಧನಾ' ಚಿತ್ರದ 'ರೂಪ್ ತೇರಾ ಮಸ್ತಾನಾ' ನೆನಪಿಸಿಕೊಳ್ಳಿ. ಆ ಅಕಾರ್ಡಿಯನ್ ಕೆರ್ಸಿ ಲಾರ್ಡ್ ಅವರದು. ಅದನ್ನು ತೆಗೆದರೆ ಹಾಡಲ್ಲಿ ಮಳೆ ನಿಂತುಹೋದ ಹಾಗೆ.

ಆದ್ರೆ ಹಾರ್ಮೋನಿಯಂಗೆ ನಮ್ಮಲ್ಲೇ ಬಾಗಿಲು ಹಾಕಿದ್ರು. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು, ಸಡಿಲಿಸಿದ್ದು 1971ರಲ್ಲಿ, ಅದೂ ಅರ್ಧಂಬರ್ಧ. ವಿದೇಶಿ, ಗಮಕ ಬರಲ್ಲ ಅನ್ನೋದು ವಾದ. ಗಮಕದ ಮಾತು ಸುಳ್ಳಲ್ಲ, ಒಪ್ಪುತ್ತೀನಿ. ಆದರೂ ಬೆಳಗಾವಿಯ ರಾಂಭಾವು ಬಿಜಾಪುರೆ ಅವರದ್ದು ಒಮ್ಮೆ ಕೇಳಿ, ಆಮೇಲೆ ವಾದ ಮಾಡೋಣ.

ಈಗಿನ ನನ್ನ ಜಗಳ ಬೇರೆ. ಅದೇ ತಂಡದವರು ರಾಜಾಜಿನಗರದಲ್ಲಿ ಮುಂದಿನ ನಾಟಕಕ್ಕೆ ಕೀಬೋರ್ಡ್ ಅಂತ ತೀರ್ಮಾನಿಸಿದ್ದಾರೆ. ಲೆಗ್ ಹಾರ್ಮೋನಿಯಂ ಸಾಗಿಸೋಕೆ ಗಾಡಿ ಬೇಕು, ಎತ್ತೋಕೆ ಇಬ್ಬರು ಬೇಕು, ನಿಜ. "ಇದರಲ್ಲಿ ಹಾರ್ಮೋನಿಯಂ, ಅಕಾರ್ಡಿಯನ್ ಎರಡೂ ಬಟನ್ ಇದೆ ಸಾರ್" ಅಂದ ಒಬ್ಬ ಹುಡುಗ. ಬಟನ್ ಇದೆ ಕಣಪ್ಪಾ, ತಿದಿ ಎಲ್ಲಿದೆ? ದುರ್ಯೋಧನನಿಗೆ ಉಸಿರು ಸಾಲದೆ ದನಿ ಇಳಿದಾಗ ಮೇಷ್ಟ್ರ ಕಾಲು ತಾನಾಗೇ ಜೋರಾಗುತ್ತೆ, ಪೆಟ್ಟಿಗೆ ದನಿ ಏರಿ ಅವರನ್ನು ಎತ್ತಿಕೊಳ್ಳುತ್ತೆ. ಕೀಬೋರ್ಡು ಒತ್ತಿದಷ್ಟು ಹೊತ್ತು ಒಂದೇ ಸಮ ಕೂಗುತ್ತೆ.

ಗಾಡಿ ಬಾಡಿಗೆ ನಾನೇ ಕೊಡ್ತೀನಿ ಅಂದಿದ್ದೀನಿ. ಅವರಿನ್ನೂ ಉತ್ತರ ಹೇಳಿಲ್ಲ. ಅಷ್ಟರಲ್ಲಿ ನಿಮ್ಮ ಕಡೆ ಲೆಗ್ ಹಾರ್ಮೋನಿಯಂ ಇಟ್ಟು ನಾಟಕ ಆಡೋರಿದ್ರೆ ದಿನ, ಜಾಗ ತಿಳಿಸಿ ಮಾರಾಯ್ರೇ. ನಿದ್ದೆಗೆಟ್ಟು ಬರ್ತೀನಿ.