ಅಮ್ಮಿಯ ಔಷಧದ ಡಬ್ಬಿಗೆ ಹೊಸ ಬಾಟಲಿ



ಕೊಲ್ಲಿಯಿಂದ ರಜೆಗೆ ಬರುವ ಮಗ ಅತ್ತರು, ಖರ್ಜೂರದ ಜೊತೆ ಈಗ ಇನ್ನೊಂದು ಬಾಟಲಿಯನ್ನೂ ತರುತ್ತಾನೆ. "ಅಮ್ಮೀ, ರಾತ್ರಿ ಒಂದು ತಗೊಳ್ಳಿ, ಚೆನ್ನಾಗಿ ನಿದ್ದೆ ಬರುತ್ತೆ" ಎನ್ನುತ್ತಾನೆ. ಅದರ ಹೆಸರು ಮೆಲಟೋನಿನ್. ಮಗನ ಪ್ರೀತಿ ದೊಡ್ಡದು. ಆದರೆ ಅಮ್ಮಿಯ ಡಬ್ಬಿಯಲ್ಲಿ ಮೊದಲೇ ಏನೇನಿದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ.

ಮೆಲಟೋನಿನ್ ವಿಷವೇನಲ್ಲ. ಕತ್ತಲಾದಾಗ ಮೆದುಳಿನ ಪೀನಿಯಲ್ ಗ್ರಂಥಿ ಅದನ್ನು ತಾನೇ ಸ್ರವಿಸುತ್ತದೆ. ರಾತ್ರಿಯನ್ನು ಹೊದಿಕೆಯಾಗಿಯೂ ನಿದ್ರೆಯನ್ನು ವಿಶ್ರಾಂತಿಯಾಗಿಯೂ ಮಾಡಿದ ಅಲ್ಲಾಹನ ವ್ಯವಸ್ಥೆಯದು. ಹೊರಗಿನಿಂದ ಸೇರಿಸುವಾಗ ಮಾತ್ರ ಎಚ್ಚರ ಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಿಗೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಬಿ.ಪಿ.ಗೆಂದು ನಿಫೆಡಿಪಿನ್ ಸೇವಿಸುವವರಲ್ಲಿ ಒತ್ತಡ ಮತ್ತೆ ಏರಬಹುದು. ಖಿನ್ನತೆಗೆ, ಗೀಳಿಗೆ ಕೊಡುವ ಫ್ಲುವೋಕ್ಸಮಿನ್ ಇದ್ದರಂತೂ ರಕ್ತದಲ್ಲಿ ಮೆಲಟೋನಿನ್ ಹಲವು ಪಟ್ಟು ಏರುತ್ತದೆ. ನೆಗಡಿಗೆಂದು ನುಂಗುವ ಅವಿಲ್, ವೈದ್ಯರು ಕೊಟ್ಟ ಅಲ್ಪ್ರಾಝೋಲಂ, ಅದರ ಮೇಲೆ ಇದೂ ಸೇರಿದರೆ ಮಂಪರು ಬೆಳಗಿನವರೆಗೂ ಇಳಿಯದು. ಫಜ್ರ್‌ಗೆ ಎದ್ದು ವುಝೂ ಮಾಡಲು ಹೋದ ವೃದ್ಧೆ ಬಚ್ಚಲಲ್ಲಿ ಜಾರಿದರೆ ಸೊಂಟದ ಮೂಳೆಯ ಗತಿಯೇನು?

"ಗಿಡಮೂಲಿಕೆ ತಾನೇ" ಎಂದು ಅಶ್ವಗಂಧವನ್ನು ಸೇರಿಸುವವರೂ ಇದ್ದಾರೆ. ಥೈರಾಯ್ಡ್ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ನಮ್ಮ ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ನಿದ್ದೆಗೆಟ್ಟವರನ್ನು, ಮನಸ್ಸು ಕದಡಿದವರನ್ನು ದೂರದೂರದಿಂದ ಕರೆತರುತ್ತಾರೆ. ದುಆ ಬೇಡವೆನ್ನುವವರು ಯಾರು? ಆದರೆ ಮಾತ್ರೆಯ ಚೀಟಿಯನ್ನು ಊರಲ್ಲೇ ಬಿಟ್ಟು ಬರಬೇಡಿ. ಬಹುಕಾಲ ಸೇವಿಸಿದ ಅಲ್ಪ್ರಾಝೋಲಂ, ಕ್ಲೊನಝೆಪಾಮ್ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಆಗ ಅದನ್ನು ಜಿನ್ನ್‌ನ ಕಾಟವೆಂದು ತಿಳಿದು ಆಸ್ಪತ್ರೆಗೆ ಹೋಗುವುದು ಇನ್ನಷ್ಟು ತಡವಾಗುತ್ತದೆ. ಚಿಕಿತ್ಸೆ ಪಡೆಯಿರೆಂದು ಕಲಿಸಿದವರು ಪ್ರವಾದಿವರ್ಯರೇ(ಸ).

ಮಿಠಾಯಿಯಂತಹ ಗಮ್ಮಿಗಳ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ 25 ಬಗೆಯ ಇಂತಹ ಗಮ್ಮಿಗಳನ್ನು ಪರೀಕ್ಷಿಸಿ 2023ರಲ್ಲಿ ವರದಿ ಪ್ರಕಟಿಸಿದರು. 22ರಲ್ಲಿ ಚೀಟಿಯ ಮೇಲಿನ ಪ್ರಮಾಣವೇ ಸರಿಯಿರಲಿಲ್ಲ. ಒಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ! ಅವುಗಳಲ್ಲಿನ ಜೆಲಟಿನ್ ಯಾವ ಪ್ರಾಣಿಯದೆಂದು ನೋಡುವುದೂ ನಮ್ಮ ಹೊಣೆ. ಮಿಠಾಯಿಯೆಂದು ಮಕ್ಕಳು ತಿನ್ನುವ ಅಪಾಯವಿದೆ, ಎತ್ತರದಲ್ಲಿಡಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂರ್ಛೆರೋಗವಿರುವವರು ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು. ಜೋರಾಗಿ ಗೊರಕೆ ಹೊಡೆದು ಉಸಿರುಕಟ್ಟಿ ಏಳುವವರಿಗೆ ಬೇಕಿರುವುದು ನಿದ್ದೆಯ ಮಾತ್ರೆಯಲ್ಲ, ತಪಾಸಣೆ. ಚಿಂತಾಮಣಿಗೋ ಬೆಂಗಳೂರಿಗೋ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಕಷಾಯಗಳನ್ನು ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ.