ಕೆಂಪು ಮೆಣಸಿನಕಾಯಿ ಮತ್ತು ಪೈಲಟ್ ಕಣ್ಣು

ಕುರುಗೋಡು ಕಡೆಯ ಹಳೆಯ ಪರಿಚಯದ ಹಿರಿಯರೊಬ್ಬರು ಹೋದ ವಾರ ಸಂಗನಕಲ್ಲಿಗೆ, ನಮ್ಮ ಮನೆಗೆ ಬಂದಿದ್ದರು. ಮೊಮ್ಮಗ ಪಿಯುಸಿ ಓದುತ್ತಿದ್ದಾನೆ. ಪೈಲಟ್ ಆಗಬೇಕಂತೆ.

"ಮಗಳ ಮಗ ಮೇಷ್ಟ್ರೇ, ಇಲ್ಲ ಅನ್ನೋಕೆ ಮನಸ್ಸು ಬರೋದಿಲ್ಲ. ಎರಡು ಎಕರೆ ಕೊಟ್ಟುಬಿಡ್ತೀನಿ. ಯಾವ ಊರಿನ ಟ್ರೇನಿಂಗ್ ಒಳ್ಳೇದು, ಅದೊಂದು ಹೇಳ್ರಿ" ಅಂದರು.

"ಹುಡುಗನನ್ನ ಡಾಕ್ಟರಿಗೆ ತೋರಿಸಿದ್ದೀರಾ?" ಅಂತ ಕೇಳಿದೆ.

"ಅವನಿಗೇನಾಗ್ಯದ? ಗುಂಡುಕಲ್ಲು ಇದ್ದಂಗ ಇದ್ದಾನೆ!"

ಅದೇ ವಾರ ಸಿರುಗುಪ್ಪದಿಂದ ಏಳನೇ ತರಗತಿಯ ಹುಡುಗಿಯೊಬ್ಬಳ ಪತ್ರವೂ ಬಂತು. "ತಾತ, ನಾನು ಕನ್ನಡಕ ಹಾಕ್ಕೋತೀನಿ. ನಾನು ವಿಮಾನ ಓಡಿಸಬಹುದಾ?" ಗುಂಡುಕಲ್ಲಿನಂಥ ಹುಡುಗನಿಗೂ ಕನ್ನಡಕದ ಹುಡುಗಿಗೂ ಒಂದೇ ಅಂಕಣದಲ್ಲಿ ಉತ್ತರ ಹೇಳಬಹುದು ಅನ್ನಿಸಿತು.

ಮೊದಲು ಹುಡುಗಿಗೆ. ಧಾರಾಳವಾಗಿ ಓಡಿಸಬಹುದಮ್ಮ. ಕನ್ನಡಕ ಹಾಕಿಕೊಂಡ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತದೆ ಅನ್ನುವುದೇ ಮುಖ್ಯ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ದೊಡ್ಡ ವಿಮಾನದ ಪೈಲಟ್‌ಗೆ ಒಂದೊಂದು ಕಣ್ಣಲ್ಲೂ 6/9, ಎರಡೂ ಕಣ್ಣು ಸೇರಿ 6/6 ದೃಷ್ಟಿ ಇರಬೇಕು. ಕನ್ನಡಕ ಹಾಕಿಯಾದರೂ ಸರಿ. ಆದರೆ ಒಂದು ಷರತ್ತಿದೆ. ಕನ್ನಡಕದ ಪೈಲಟ್ ಹಾರುವಾಗ ಇನ್ನೊಂದು ಜೊತೆ ಕನ್ನಡಕ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರಬೇಕು. ಮೂವತ್ತು ಸಾವಿರ ಅಡಿ ಮೇಲೆ ಕನ್ನಡಕ ಬಿದ್ದು ಒಡೆದರೆ ಅಂಗಡಿ ಹುಡುಕಲಿಕ್ಕೆ ಆಗುತ್ತದೆಯೇ?

ಈಗ ಹಿರಿಯರ ಎರಡು ಎಕರೆ ವಿಚಾರ. ಪೈಲಟ್ ಆಗುವವರು ಎರಡು ಪ್ರಮಾಣಪತ್ರಗಳ ಹೆಸರು ತಿಳಿದಿರಬೇಕು: ಕ್ಲಾಸ್ 2 ಮತ್ತು ಕ್ಲಾಸ್ 1. ಕಲಿಯಲು ಶುರು ಮಾಡುವವರಿಗೆ, ಹವ್ಯಾಸಕ್ಕೆ ಹಾರುವವರಿಗೆ ಕ್ಲಾಸ್ 2. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಒಪ್ಪಿಗೆ ಕೊಟ್ಟಿರುವ ವೈದ್ಯರೇ ಇದನ್ನು ಪರೀಕ್ಷಿಸಬೇಕು. ಓಣಿ ಡಾಕ್ಟರ ಚೀಟಿ ನಡೆಯುವುದಿಲ್ಲ. ಸಂಬಳಕ್ಕೆ ವಿಮಾನ ಓಡಿಸುವವರಿಗೆ ಬೇಕಾದದ್ದು ಕ್ಲಾಸ್ 1. ಆ ಪರೀಕ್ಷೆ ಗೊತ್ತುಮಾಡಿದ ಕೇಂದ್ರಗಳಲ್ಲೇ ಆಗಬೇಕು. ರಕ್ತ, ಮೂತ್ರ, ಎದೆಯ ಎಕ್ಸ್‌ರೇ, ಇಸಿಜಿ, ಕಣ್ಣು, ಕಿವಿ, ಮೂಗು, ಜೊತೆಗೆ ಮನಸ್ಸಿನ ಆರೋಗ್ಯ, ಎಲ್ಲವನ್ನೂ ನೋಡುತ್ತಾರೆ. ಕೊನೆಗೆ 'ಯೋಗ್ಯ' ಅಥವಾ 'ಅಲ್ಲ' ಎಂದು ಮುದ್ರೆ ಒತ್ತುವುದು ಡಿಜಿಸಿಎ.

ಅಂಥ ಕೇಂದ್ರಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ ಇದೆ. ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. 1957ರಲ್ಲಿ ಶುರುವಾದದ್ದು. 1984ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ರಾಕೇಶ್ ಶರ್ಮಾ ಅವರನ್ನು ಆಯ್ಕೆಯ ಕಾಲದಲ್ಲಿ ಬೆಂಗಳೂರಿನಲ್ಲೇ 72 ಗಂಟೆ ಒಂದು ಕೋಣೆಯಲ್ಲಿ ಕೂಡಿಹಾಕಿದ್ದರಂತೆ, ಇಕ್ಕಟ್ಟಿನ ಜಾಗಕ್ಕೆ ಹೆದರುತ್ತಾರೋ ಇಲ್ಲವೋ ನೋಡಲಿಕ್ಕೆ. ಗಗನಯಾನದ ನಾಲ್ವರು ಆಯ್ಕೆಯಾದದ್ದೂ ಇದೇ ಸಂಸ್ಥೆಯ ಪರೀಕ್ಷೆಗಳನ್ನು ದಾಟಿಯೇ. ನಮ್ಮ ಪಿಯುಸಿ ಹುಡುಗರನ್ನು ಯಾರೂ ಕೂಡಿಹಾಕುವುದಿಲ್ಲ, ಭಯಪಡಬೇಡಿ.

ನಾನು ಹಿರಿಯರಿಗೆ ಹೇಳಿದ್ದು ಇಷ್ಟೆ: ಕ್ಲಾಸ್ 2 ಮಾಡಿಸಿ, ಹಿಂದೆಯೇ ಕ್ಲಾಸ್ 1 ಕೂಡ ಮಾಡಿಸಿ, ಆಮೇಲೆ ಹೊಲದ ಮಾತು ಎತ್ತಿ. ಕಲಿಯಲು ಕ್ಲಾಸ್ 2 ಸಾಕು ಎಂದು ಹತ್ತಾರು ಲಕ್ಷ ಕಟ್ಟಿ, ಕೊನೆಯಲ್ಲಿ ಕ್ಲಾಸ್ 1 ಸಿಗದೆ ಹೋದರೆ ಹೊಲ ವಾಪಸ್ ಬರುವುದಿಲ್ಲ.

ಗಟ್ಟಿಮುಟ್ಟಾದ ಹುಡುಗನಿಗೆ ಏಕೆ ಸಿಗದೆ ಹೋಗುತ್ತದೆ? ಇಲ್ಲೇ ಮೆಣಸಿನಕಾಯಿ ಬರುವುದು.

ನಮ್ಮ ಸೀಮೆಯಲ್ಲಿ ಮೆಣಸಿನಕಾಯಿ ಬಿಡಿಸುವುದನ್ನು ನೀವೆಲ್ಲ ನೋಡಿದ್ದೀರಿ. ಹಸಿರು ಗಿಡದ ನಡುವೆ ಕೆಂಪು ಹಣ್ಣು ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಆದರೆ ಕೆಲವರಿಗೆ ಹಾಗೆ ಹೊಡೆಯುವುದಿಲ್ಲ. ಅವರು ಹತ್ತಿರ ಹೋಗಿ, ಆಕಾರ ನೋಡಿ, ಮುಟ್ಟಿ ಗುರುತಿಸುತ್ತಾರೆ. ಕೆಂಪು, ಹಸಿರು ಎರಡೂ ಒಂದೇ ಥರದ ಮಾಸಲು ಬಣ್ಣವಾಗಿ ಕಾಣುತ್ತವೆ. ಇದೇ ಬಣ್ಣಗುರುಡು, ಪಾಠದ ಪುಸ್ತಕದಲ್ಲಿ ವರ್ಣಾಂಧತೆ. ವಿಚಿತ್ರವೆಂದರೆ ಎಷ್ಟೋ ಜನಕ್ಕೆ ತಮಗೆ ಇದು ಇದೆ ಎಂದೇ ಗೊತ್ತಿರುವುದಿಲ್ಲ. ಹುಟ್ಟಿದಾಗಿನಿಂದ ಹಾಗೇ ಕಂಡದ್ದು, ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿರುತ್ತಾರೆ. ಅಣುವಿನ ಪಾಠದಲ್ಲಿ ಬರುವ ಜಾನ್ ಡಾಲ್ಟನ್‌ಗೂ ಇದಿತ್ತು. ತನ್ನ ಕಣ್ಣಿನ ಬಗ್ಗೆ ತಾನೇ 1794ರಲ್ಲಿ ಪ್ರಬಂಧ ಓದಿದವನು ಅವನು.

ಅಜ್ಜಂದಿರೇ, ಇನ್ನು ಮುಂದಿನದು ನಿಮಗಾಗಿ. ಈ ದೋಷ ಮನೆತನದಲ್ಲಿ ಇಳಿದುಬರುವ ದಾರಿ ಬಲು ಮೋಸದ್ದು. ಅದರ ಜೀನ್ ಇರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ. ಗಂಡಿಗೆ ಎಕ್ಸ್ ಒಂದೇ, ಹೆಣ್ಣಿಗೆ ಎರಡು. ಹೆಣ್ಣಿಗೆ ಒಂದು ಕೆಟ್ಟರೂ ಇನ್ನೊಂದು ಕೈಹಿಡಿಯುತ್ತದೆ. ಗಂಡಿಗೆ ಆ ಅನುಕೂಲವಿಲ್ಲ. ಆದ್ದರಿಂದ ಬಣ್ಣಗುರುಡು ಗಂಡಸರಲ್ಲೇ ಹೆಚ್ಚು. ತಾತನಿಗೆ ಈ ದೋಷ ಇದ್ದರೆ ಅವನ ಮಗಳು ಅದನ್ನು ಹೊತ್ತಿರುತ್ತಾಳೆ, ಆದರೆ ಸಾಮಾನ್ಯವಾಗಿ ಅವಳಿಗೆ ಬಣ್ಣಗಳು ಸರಿಯಾಗಿಯೇ ಕಾಣುತ್ತವೆ. ಅವಳ ಒಬ್ಬೊಬ್ಬ ಮಗನಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ತಾತನಿಂದ ಮಗಳನ್ನು ಹಾರಿ ಮೊಮ್ಮಗನಿಗೆ! "ಮಗಳ ಮಗ" ಅಂದಿದ್ದರಲ್ಲ ನಮ್ಮ ಹಿರಿಯರು, ಅದಕ್ಕೇ ನಾನು ಅವರನ್ನೂ ಕೂರಿಸಿ ಕೇಳಿದೆ: "ಹೊಲದಲ್ಲಿ ಹಣ್ಣುಗಾಯಿ ನಿಮಗೆ ಥಟ್ಟನೆ ಕಾಣುತ್ತದೇನ್ರಿ?" ಸುಮ್ಮನೆ ನಕ್ಕುಬಿಟ್ಟರು. ಅದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ.

ಮೆಣಸಿನ ಹೊಲ ಬರೀ ಅನುಮಾನಕ್ಕೆ. ಖಾತ್ರಿಗೆ ಕಣ್ಣಿನ ಡಾಕ್ಟರ ಬಳಿ ಇಶಿಹಾರ ಪುಸ್ತಕ ಇರುತ್ತದೆ. ಜಪಾನಿನ ಶಿನೋಬು ಇಶಿಹಾರ ಎಂಬ ವೈದ್ಯ 1917ರಲ್ಲಿ ಪ್ರಕಟಿಸಿದ್ದು. ಪುಟದ ತುಂಬ ಬಣ್ಣದ ಚುಕ್ಕೆಗಳು, ನಡುವೆ ಅಡಗಿದ ಒಂದು ಅಂಕಿ. ಹೇಳಿದರೆ ಪಾಸು. ಐದು ನಿಮಿಷದ ಕೆಲಸ.

ವಿಮಾನಕ್ಕೂ ಬಣ್ಣಕ್ಕೂ ಏನು ನಂಟು? ರಾತ್ರಿ ಇಳಿಯುವಾಗ ರನ್‌ವೇ ಪಕ್ಕದಲ್ಲಿ ಸಾಲಾಗಿ ನಾಲ್ಕು ದೀಪ ಕಾಣುತ್ತವೆ. ಎರಡು ಬಿಳಿ, ಎರಡು ಕೆಂಪು ಇದ್ದರೆ ಎತ್ತರ ಸರಿಯಾಗಿದೆ. ನಾಲ್ಕೂ ಬಿಳಿ ಅಂದರೆ ತುಂಬ ಮೇಲಿದ್ದೀರಿ. ನಾಲ್ಕೂ ಕೆಂಪು ಅಂದರೆ ತುಂಬ ಕೆಳಗಿದ್ದೀರಿ, ಅಪಾಯ. 2002ರ ಜುಲೈನಲ್ಲಿ ಅಮೆರಿಕದ ಟಲಹಾಸಿಯಲ್ಲಿ ಬೆಳಕು ಹರಿಯುವ ಮುಂಚೆ ಒಂದು ಸರಕು ವಿಮಾನ ರನ್‌ವೇ ಮುಟ್ಟುವ ಮೊದಲೇ ಮರಗಳಿಗೆ ಬಡಿದು ಬಿತ್ತು. ಪುಣ್ಯಕ್ಕೆ ಒಳಗಿದ್ದ ಮೂವರೂ ಬದುಕಿದರು. ದಣಿವು ಮುಂತಾದ ಕಾರಣಗಳ ಜೊತೆಗೆ ಸಹಪೈಲಟ್‌ನ ಬಣ್ಣದ ದೋಷವೂ ಸೇರಿತ್ತು ಎಂದು ತನಿಖೆ ಹೇಳಿತು. ಹಾಗಂತ ಎಲ್ಲ ದೇಶಗಳ ನಿಯಮವೂ ಒಂದೇ ಅಲ್ಲ. ಆಸ್ಟ್ರೇಲಿಯಾದಲ್ಲಿ ಪುಸ್ತಕದ ಚುಕ್ಕೆಯಲ್ಲಿ ಸೋತವರನ್ನು ವಿಮಾನದಲ್ಲೇ ಕೂರಿಸಿ ಕೆಲಸ ಮಾಡಿಸಿ ನೋಡುವ ಪರೀಕ್ಷೆಯೂ ಇದೆ. ಅದು ನ್ಯಾಯವೇ ಎಂದು ನನಗೂ ಅನ್ನಿಸುತ್ತದೆ. ಆದರೆ ಇಲ್ಲಿ ಹೊಲ ಮಾರುವವರು ಇಲ್ಲಿಯ ನಿಯಮವನ್ನೇ ನೋಡಬೇಕಲ್ಲ.

ಕಿವಿಯ ಪರೀಕ್ಷೆ ನಮ್ಮ ಊರಿನವರಿಗೆ ಸುಲಭವಾಗಿ ಅರ್ಥವಾಗುತ್ತದೆ. ನಮ್ಮ ಗುಡ್ಡದ ಕೆಲವು ಕರಿಬಂಡೆಗಳನ್ನು ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಸಾವಿರಾರು ವರ್ಷದ ಹಿಂದಿನ ಜನ ತಟ್ಟಿದ ಗುರುತು ಇನ್ನೂ ಇದೆ. (ಮಕ್ಕಳೇ, ನೋಡಲಿಕ್ಕೆ ಬಂದರೆ ನೀವು ಹೊಡೆಯಬೇಡಿ, ಗುರುತು ಅಳಿಯುತ್ತದೆ.) ಒಂದೊಂದು ಬಂಡೆಗೆ ಒಂದೊಂದು ಸ್ವರ. ಪೈಲಟ್‌ನ ಕಿವಿಯನ್ನೂ ಹೀಗೇ ಬೇರೆಬೇರೆ ಸ್ವರಗಳಲ್ಲಿ ಅಳೆಯುತ್ತಾರೆ. ತಗ್ಗು ಸ್ವರದಿಂದ ಏರು ಸ್ವರದವರೆಗೆ, ಯಾವುದು ಎಷ್ಟು ಮೆಲ್ಲಗೆ ನುಡಿದರೂ ಕೇಳುತ್ತದೆ ಎಂದು ಒಂದು ನಕ್ಷೆ ಬರೆಯುತ್ತಾರೆ. ವಯಸ್ಸಾದಂತೆ ಮೊದಲು ಹೋಗುವುದು ಏರು ಸ್ವರ, ಅದು ನಮ್ಮಂಥವರಿಗೆಲ್ಲ ಗೊತ್ತಿರುವುದೇ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಜೋರಾಗಿ ಹಾಡು ಕೇಳುವ ಹುಡುಗರು ಅದನ್ನು ವಯಸ್ಸಿಗೆ ಮುಂಚೆಯೇ ಕಳೆದುಕೊಳ್ಳಬಹುದು.

ಪ್ರಮಾಣಪತ್ರ ಒಮ್ಮೆ ಸಿಕ್ಕರೆ ಸಾಲದು, ಆಗಾಗ ಹೊಸದು ಮಾಡಿಸಬೇಕು. ಅಂತರರಾಷ್ಟ್ರೀಯ ನಿಯಮದಲ್ಲಿ ಕ್ಲಾಸ್ 1 ಸಾಮಾನ್ಯವಾಗಿ ವರ್ಷಕ್ಕೊಮ್ಮೆ. 60 ದಾಟಿದವರಿಗೆ ಆರು ತಿಂಗಳಿಗೊಮ್ಮೆ. ವಿಮಾನ ಕಂಪನಿಯ ಪೈಲಟ್‌ಗೆ 65 ಅಂದರೆ ಮುಗಿಯಿತು. ಎರಡು ಪರೀಕ್ಷೆಗಳ ನಡುವೆ ತನ್ನ ದೇಹಕ್ಕೆ ಪೈಲಟ್ ತಾನೇ ಕಾವಲುಗಾರ. ನೆಗಡಿಯಾಗಿ ಮೂಗು ಕಟ್ಟಿದ್ದರೆ ಹಾರಬಾರದು. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ನಾಳ ಮುಚ್ಚಿಕೊಂಡಿರುತ್ತದೆ, ವಿಮಾನ ಇಳಿಯುವಾಗ ಗಾಳಿಯ ಒತ್ತಡ ಏರಿ ಕಿವಿಯ ತಮಟೆಗೇ ಪೆಟ್ಟಾಗಬಹುದು. ನೆಗಡಿಗೆ ನಾವು ನುಂಗುವ ಎಷ್ಟೋ ಮಾತ್ರೆ ನಿದ್ದೆ ಬರಿಸುತ್ತವೆ, ಅವನ್ನು ನುಂಗಿಯೂ ಹಾರುವಂತಿಲ್ಲ. ನಮ್ಮ ದೇಶದಲ್ಲಿ ಹಾರುವ ಮುಂಚಿನ 12 ಗಂಟೆ ಮದ್ಯ ಮುಟ್ಟುವಂತಿಲ್ಲ. ಮದ್ಯಸಾರ ಇರುವ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸುವಂತೆಯೂ ಇಲ್ಲ!

ಇಷ್ಟೆಲ್ಲದರಲ್ಲಿ ಕಷ್ಟದ್ದು ರೋಗವಲ್ಲ, ಅದನ್ನು ಹೇಳುವುದು. ನಮ್ಮ ಮನೆಗಳಲ್ಲೇ ನೋಡಿ. "ಬಿಪಿ ಇದೆ ಅಂತ ಮಗನಿಗೆ ಹೇಳಬೇಡ, ಸುಮ್ಮನೆ ಗಾಬರಿ ಆಗ್ತಾನೆ" ಅನ್ನುವ ಅಜ್ಜಿ. ಬೋರ್ಡು ಕಾಣದಿದ್ದರೂ ಪಕ್ಕದವನ ನೋಟ್‌ಬುಕ್ ನೋಡಿ ಬರೆದುಕೊಳ್ಳುವ ಮೊಮ್ಮಗ. ಪೈಲಟ್‌ಗೆ ಈ ಆಸೆ ಇನ್ನೂ ದೊಡ್ಡದು. ಪ್ರಮಾಣಪತ್ರ ನಿಂತರೆ ಹಾರಾಟ ನಿಲ್ಲುತ್ತದೆ, ಸಂಪಾದನೆಗೆ ಪೆಟ್ಟು, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅವನನ್ನು ಸುಮ್ಮನೆ ಬೈದರೆ ಪ್ರಯೋಜನವಿಲ್ಲ. ಹೇಳಿದವನಿಗೆ ವಾಪಸ್ ಬರುವ ದಾರಿ ಇರಬೇಕು. ಇದೆ ಕೂಡ. ಎಷ್ಟೋ ಸಲ ಬರುವ ತೀರ್ಪು 'ತಾತ್ಕಾಲಿಕವಾಗಿ ಅಯೋಗ್ಯ' ಎಂದು. ಚಿಕಿತ್ಸೆ ಪಡೆದು ಮತ್ತೆ ಪರೀಕ್ಷೆಗೆ ಬರಬಹುದು, ತೀರ್ಪು ಒಪ್ಪದವರು ಮೇಲ್ಮನವಿ ಹಾಕಬಹುದು.

ಅಮೆರಿಕದ ಮೊದಲ ಏಳು ಗಗನಯಾತ್ರಿಗಳಲ್ಲಿ ಡೀಕ್ ಸ್ಲೇಟನ್ ಒಬ್ಬ. ಹೃದಯದ ಬಡಿತ ತಾಳ ತಪ್ಪುತ್ತಿದೆ ಎಂದು 1962ರಲ್ಲಿ ಅವನನ್ನು ಕೆಳಗೆ ಇಳಿಸಿದರು. ಹತ್ತು ವರ್ಷದ ಮೇಲೆ ಮತ್ತೆ ಯೋಗ್ಯ ಎಂದರು. 1975ರಲ್ಲಿ, 51ನೇ ವಯಸ್ಸಿನಲ್ಲಿ, ಬಾಹ್ಯಾಕಾಶಕ್ಕೆ ಹೋಗಿಬಂದ.

ಅವನ ಜೊತೆಗಾರ ಅಲನ್ ಶೆಪರ್ಡ್ ಕಥೆ ಕಿವಿಯದು. ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಅವನೇ, 1961ರಲ್ಲಿ. ಆಮೇಲೆ ಒಳಕಿವಿಯ ರೋಗ ಬಂತು. ತಲೆ ಗಿರ್ರೆಂದು ಸುತ್ತುವುದು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಹಾರಾಟ ನಿಂತಿತು. ಕಚೇರಿಯಲ್ಲಿ ಕೂತು ಬೇರೆಯವರನ್ನು ಮೇಲಕ್ಕೆ ಕಳಿಸುವ ಕೆಲಸ ಮಾಡಿದ. 1968ರಲ್ಲಿ ಕಿವಿಯ ಆಪರೇಷನ್ ಮಾಡಿಸಿಕೊಂಡ. ಸುದ್ದಿಯಾಗಬಾರದೆಂದು ಆಸ್ಪತ್ರೆಗೆ ಬೇರೆ ಹೆಸರು ಹೇಳಿ ಸೇರಿದ್ದನಂತೆ. ಮರುವರ್ಷ ನಾಸಾ ವೈದ್ಯರು ಮತ್ತೆ ಪರೀಕ್ಷಿಸಿ ಯೋಗ್ಯ ಎಂದರು. 1971ರ ಫೆಬ್ರವರಿಯಲ್ಲಿ 47 ವರ್ಷದ ಶೆಪರ್ಡ್ ಚಂದ್ರನ ಮೇಲೆ ನಿಂತಿದ್ದ. ಜೊತೆಗೆ ಒಯ್ದಿದ್ದ ಎರಡು ಗಾಲ್ಫ್ ಚೆಂಡುಗಳನ್ನು ಅಲ್ಲೇ ಹೊಡೆದು ಬಂದ.